ಕಮಾನಿನಡಿ ಹಾಡುತ್ತಿದ್ದ ಮಕ್ಕಳು

ಪರದೇಶದಲ್ಲಿ ಮಗಳು ನೆಲೆಸಿರುವ ಓರೆಬ್ರೂ ನಗರದ ಬಳಿಯ ಹಳ್ಳಿಯ ಚರ್ಚಿನಲ್ಲಿ, ಕಲ್ಲಿನ ಕಮಾನಿನಡಿ ನನ್ನ ಮೊಮ್ಮಗಳು ಶಾಲೆಯ ಮಕ್ಕಳೊಂದಿಗೆ ಹಾಡುತ್ತಿದ್ದಳು. ನನ್ನ ಕಣ್ಣು ಕಮಾನಿನ ಬಿರುಕಿನ ಮೇಲಿತ್ತು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಯಾರೋ ಅಡ್ಡಲಾಗಿ ಅಂಟಿಸಿದ್ದ ಗಾಜಿನ ಪಟ್ಟಿ ಎರಡು ತುಂಡಾಗಿತ್ತು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ನನಗೆ ಅದರರ್ಥ ಗೊತ್ತು: ಗೋಡೆ ಜರುಗಿದೆ. ಪಕ್ಕದಲ್ಲಿ ಕೂತಿದ್ದ ಮಗಳಿಗೆ ಮೆಲ್ಲಗೆ ಹೇಳಿದೆ.

“ಅಪ್ಪಾ, ಎಂಟುನೂರು ವರ್ಷದಿಂದ ನಿಂತಿರೋದು ನೀವು ಬಂದಿದೀರಂತ ಇವತ್ತೇ ಬೀಳುತ್ತಾ? ಸುಮ್ನೆ ಕೂತ್ಕೊಳ್ಳಿ,” ಎಂದಳು ಮಗಳು.

ಕೊನೆಗೂ ತಡೆಯಲಾಗದೆ ಎದ್ದುಹೋಗಿ, ಚರ್ಚು ನೋಡಿಕೊಳ್ಳುವ ಹೆಂಗಸಿಗೆ ಗಾಜು ತೋರಿಸಿದೆ. ಆಕೆಯ ಮುಖ ಬಿಳಿಚಿತು. ಹಾಡು ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿದಳು.

ಕಮಾನು ಬೀಳಲಿಲ್ಲ, ಈಗ ಆಸರೆ ಕೊಟ್ಟಿದ್ದಾರೆ. ಆದರೆ ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಮಾತನ್ನು ಪರದೇಶದಲ್ಲಿ ಯಾರು ಕೇಳುತ್ತಾರೆಂದು ಎರಡು ಹಾಡು ಮುಗಿಯುವವರೆಗೆ ಬಾಯಿ ಮುಚ್ಚಿ ಕೂತಿದ್ದೆನಲ್ಲ, ಅಷ್ಟು ಹೊತ್ತೂ ಮೊಮ್ಮಗಳು ಆ ಕಮಾನಿನಡಿಯೇ ನಿಂತಿದ್ದಳು.