ಪರದೆಯ ಮುಂದೆ ಚಪ್ಪಲಿ ಬಿಟ್ಟವರು

ವಿಡಿಯೊ ಸಭೆ ಆರಂಭವಾಗುವ ಮುನ್ನ ಸಂಗಪ್ಪ ಸರ್ ಚಪ್ಪಲಿ ಬಿಡುತ್ತಿದ್ದರು. ಬನಹಟ್ಟಿಯ ನಮ್ಮ ಕಚೇರಿಯ ಸಭಾಕೋಣೆಗೆ ಉಳಿದವರೆಲ್ಲ ಬೂಟು ಮೆಟ್ಟಿಕೊಂಡೇ ನುಗ್ಗುವಾಗ, ಅವರು ಹೊಸ್ತಿಲಾಚೆ ಚಪ್ಪಲಿ ಜೋಡಿಸಿಟ್ಟು, ಅಂಗಿಯ ಕೊರಳಗುಂಡಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದರು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಈಗ ಎಷ್ಟ ಮಂದಿ ಮನಿ ಒಳಗ ಹೊಂಟೇವಿ ನೋಡು ತಮ್ಮಾ. ಚಪ್ಪಲ್ ಹಾಕ್ಕೊಂಡ ಹೋಗೂದೇನು?"

ನಮ್ಮದು ಸೀರೆಗಳನ್ನು ದೂರದ ಅಂಗಡಿಗಳಿಗೆ ಕಳುಹಿಸುವ ಸಂಸ್ಥೆ. ಮಾಲೀಕರು ಬೆಳಗಾವಿಯಲ್ಲಿದ್ದರು, ಇಲ್ಲಿನ ವ್ಯವಸ್ಥಾಪಕರು ಸಂಗಪ್ಪ ಸರ್. ಅರ್ಧ ಸಿಬ್ಬಂದಿ ಕಚೇರಿಯಲ್ಲಿ, ಉಳಿದವರು ರಬಕವಿ, ತೇರದಾಳ, ಚಿಮ್ಮಡಗಳ ತಂತಮ್ಮ ಮನೆಗಳಲ್ಲಿ ಕುಳಿತು ದುಡಿಯುತ್ತಿದ್ದರು. ಕಾಲೇಜಿನ ಚರ್ಚಾಕೂಟಗಳಿಂದ ನೇರವಾಗಿ ಬಂದಿದ್ದ ನಾನು, ಇಂತಹ ವ್ಯವಸ್ಥೆಗೆ ಸ್ಪಷ್ಟವಾದ ನಿಯಮಾವಳಿ ಬೇಕೆಂದು ವಾದಿಸುತ್ತಿದ್ದೆ. ಸರ್ ಅದನ್ನು ಗಮನವಿಟ್ಟು ಕೇಳುತ್ತಿದ್ದರು. ಆಮೇಲೆ ತಮ್ಮ ರೀತಿಯಲ್ಲಿಯೇ ನಡೆಯುತ್ತಿದ್ದರು. ಊಟದ ಹೊತ್ತಿನಲ್ಲಿ ಯಾರ ಮನೆಗೂ ಕರೆ ಮಾಡುತ್ತಿರಲಿಲ್ಲ. ರಬಕವಿಯ ಸಹೋದ್ಯೋಗಿಯ ಮನೆಯಿಂದ ವಿದ್ಯುತ್ ಮಗ್ಗದ ಸದ್ದು ನುಗ್ಗಿ ಬಂದರೆ, "ನಿಮ್ಮ ಮಗ್ಗಾನೂ ಮೀಟಿಂಗಿಗೆ ಬಂದೈತ್ರಿ, ಅದಕ್ಕೂ ಚಾ ಹೇಳಲೇನು?" ಎನ್ನುವರು, ಆತ ನಕ್ಕು ಮೈಕು ಆರಿಸುವನು. ಯಾರದೋ ಕೂಸು ಅಳತೊಡಗಿದರೆ, "ತಡೀರಿ, ಅದರ ಮಾತ ಮೊದಲ ಮುಗೀಲಿ" ಎಂದು ಇಡೀ ಸಭೆಯನ್ನೇ ನಿಲ್ಲಿಸುವರು.

ಅವರ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ ಒಂದಂಶವಿತ್ತು. ಚಿಮ್ಮಡದ ರೇಣುಕಾ ನಮ್ಮಲ್ಲಿ ಆರ್ಡರುಗಳನ್ನು ನೋಡಿಕೊಳ್ಳುತ್ತಿದ್ದಳು. ಎಳೆಗೂಸಿನ ತಾಯಿ, ದಿನವೂ ಬನಹಟ್ಟಿಗೆ ಬರುವುದು ಅವಳಿಂದ ಆಗದು. ಅವಳ ಹಿಂದೆ ಹೊರಸಿನ ಮೇಲೆ ಮಾವ ಬೀರಪ್ಪ ಕುಳಿತಿರುತ್ತಿದ್ದರು: ಕುರಿ ಕಾಯ್ದು ಬೆಳೆದ ಜೀವ, ತಲೆಗೆ ದೊಡ್ಡ ರುಮಾಲು. ಸರ್ ಪ್ರತಿ ಸಭೆಯಲ್ಲೂ ಮೊದಲು ಅವರಿಗೆ ಕೈ ಮುಗಿದು, "ಆರಾಮ ಅದೀರೇನ್ರಿ ಯಜಮಾನ್ರ?" ಎನ್ನುವರು. ಬೀರಪ್ಪ ತಮ್ಮ ಕ್ಷೇಮದ ಜೊತೆಗೆ ಕುರಿಗಳ ಕ್ಷೇಮವನ್ನೂ ಹೇಳುವರು.

"ಸೊಸೆಯ ಉದ್ಯೋಗಕ್ಕೆ ಮಾವನ ಒಪ್ಪಿಗೆ ಏಕೆ ಬೇಕು ಸರ್?" ಎಂದು ನಾನು ಕೆರಳಿ ಕೇಳಿದ್ದೆ.

"ಒಪ್ಪಿಗಿ ಎಲ್ಲಿ ಕೇಳಾಕತ್ತೇನೋ? ನಮಸ್ಕಾರ ಹೇಳಾಕತ್ತೇನಿ. ಎರಡಕ್ಕೂ ಭಾಳ ಫರಕ ಐತಿ."

ಆ ಫರಕು ಬೀರಪ್ಪನವರಿಗೂ ತಿಳಿದಿರಲಿಲ್ಲ. ಮಾಲೀಕರು ಮೊದಲ ಬಾರಿಗೆ ನಮ್ಮ ಸಭೆಗೆ ಸೇರಿದ ದಿನ, ಬೀರಪ್ಪ ಹೊರಸು ಬಿಟ್ಟು ಎದ್ದು ಬಂದು ಸೊಸೆಯ ಪಕ್ಕದಲ್ಲಿಯೇ ಕುಳಿತರು. ಪರದೆಗೆ ಮುಖವೊಡ್ಡಿ, "ರಾಮರಾಮ್ರಿ ಸಾಹೇಬ್ರ, ಚಾ ಆತೇನ್ರಿ?" ಎಂದರು. ಮಾಲೀಕರು ಉತ್ತರಿಸಲಿಲ್ಲ. "ಇವರ್ಯಾರ್ರೀ? ಮೊದಲ ಹೊರಗ ಕಳಸ್ರಿ" ಎಂದರು.

ಬೀರಪ್ಪ ಸೊಸೆಯತ್ತ ತಿರುಗಿ ನೋಡಿದರು. ಆಮೇಲೆ, "ನಮ್ಮ ಮನಿಗೆ ಬಂದು ನನ್ನ ಹೊರಗ ಹೋಗ ಅಂತಾನ?" ಎಂದವರೇ ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟರು.

ರೇಣುಕಾಳ ಉದ್ಯೋಗ ಎರಡೂ ಕಡೆಯಿಂದ ಹೋಗುವಂತಾಯಿತು. ಇನ್ನು ಮೇಲೆ ಕಚೇರಿಗೇ ಬರಲಿ, ಆಗದಿದ್ದರೆ ಬಿಡಲಿ ಎಂದು ಮಾಲೀಕರು. ಆ ಯಂತ್ರ ಇನ್ನು ಮನೆಯಲ್ಲಿ ತೆರೆಯಕೂಡದೆಂದು ಮಾವ. ಸರ್ ಅಂದೇ ಮಾಲೀಕರಿಗೆ ಫೋನು ಮಾಡಿದರು. "ನೀವು ಅವರ ಮನಿಗೆ ಹೋಗಿದ್ರಿ, ಅವರು ನಿಮ್ಮ ಆಫೀಸಿಗೆ ಬಂದಿದ್ರು. ಇಬ್ಬರಿಗೂ ಗೊತ್ತಾಗ್ಲಿಲ್ಲ, ಅಷ್ಟ ರೀ" ಎಂದರು. ಆ ಕಡೆಯವರು ಮೆತ್ತಗಾದರು; ಅವಳು ಮನೆಯಿಂದಲೇ ಮಾಡಲಿ, ಆದರೆ ಇನ್ನೊಮ್ಮೆ ಹೀಗಾಗಬಾರದು ಎಂದರು. ಫೋನಿಟ್ಟ ಸರ್ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚಿಮ್ಮಡಕ್ಕೆ ಹೊರಟರು.

ಸರ್ ಅಲ್ಲಿ ಅನುಮತಿ ಬೇಡುವರೆಂದೇ ನಾನು ಭಾವಿಸಿದ್ದೆ. ಅವರು ಮೊದಲು ಕ್ಷಮೆ ಕೇಳಿದರು: "ಮನಿಗೆ ಬಂದವರು ಮನಿ ಹಿರೇರಿಗೆ ನಮಸ್ಕಾರ ಹೇಳಲಿಲ್ಲ. ತಪ್ಪು ನಮ್ದ." ಬೀರಪ್ಪನವರ ಮುಖ ಸಡಿಲಾಯಿತು. ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಸರ್ ಅದೇ ಮೆಲುದನಿಯಲ್ಲಿ ಮುಂದುವರಿಸಿದರು: "ಆದ್ರ ಯಜಮಾನ್ರ, ಕೆಲಸ ನಡದಾಗ ನೀವು ನಡುವ ಬಂದು ಕುಂತ್ರಲ್ಲ, ಅದು ನಿಮ್ಮ ತಪ್ಪು. ಅಕಿ ಕೆಲಸಕ್ಕ ಕುಂತಾಗ ಆ ಮೂಲಿ ನಮ್ಮ ಆಫೀಸು."

"ನನ್ನ ಮನ್ಯಾಗ ನಾ ಯಾರನ್ನ ಕೇಳಬೇಕ್ರೀ?"

"ರೇಣುಕಾನ್ನ. ಅಲ್ಲಿಗೆ ಅಕೀನ ದೊಡ್ಡಾಕಿ."

ಒಳಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ರೇಣುಕಾ ತಲೆಯೆತ್ತಲಿಲ್ಲ. ಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳತ್ತ ನಡೆದರು. ನಾನು ಕೆಲಸ ಕೆಟ್ಟಿತೆಂದೇ ತಿಳಿದೆ. ಮರುದಿನ ಸಭೆಯಲ್ಲಿ ರೇಣುಕಾಳ ಮುಖ ಮೂಡಿತು. ಅವಳ ಹಿಂದಿನ ಹೊರಸು ಬರಿದಾಗಿತ್ತು. ಆಮೇಲೆ ಬಹುಕಾಲ ಅದು ಬರಿದಾಗಿಯೇ ಇತ್ತು. ಸರ್ ಕೇಳಿದಾಗಲೆಲ್ಲ ಅವಳು, "ಅದಾರ್ರಿ, ಹೊರಗದಾರ" ಎನ್ನುವಳು. ಹಿರಿಯರ ಮನ ನೋಯಿಸಿದೆನೇನೋ ಎಂಬ ಅಳುಕು ಸರ್ ಮುಖದಲ್ಲಿ ನನಗೆ ಕಾಣುತ್ತಿತ್ತು.

ನಿವೃತ್ತರಾಗಿ ಮುಧೋಳಕ್ಕೆ ಹೋದ ಸಂಗಪ್ಪ ಸರ್ ಹೆಚ್ಚು ಕಾಲ ಬದುಕಲಿಲ್ಲ. ನಾನು ಅವರನ್ನು ಕೊನೆಯದಾಗಿ ಕಂಡದ್ದು ಬೀಳ್ಕೊಡುಗೆಯ ಸಭೆಯಲ್ಲಿ. ಮಾಲೀಕರು ಪರದೆಯ ಮೇಲೆ ಅವರ ಗುಣಗಾನ ಮಾಡುತ್ತಿದ್ದರು. ಆಗ ರೇಣುಕಾಳ ಕಡೆಯಿಂದ, ಚೌಕಟ್ಟಿನ ಆಚೆಯಿಂದ, ಗಡಸು ದನಿಯೊಂದು ಕೇಳಿತು: "ರೇಣುಕಾ, ಸಂಗಪ್ಪ ಸಾಹೇಬ್ರಿಗೆ ಕೈ ಮುಗೀಬೇಕಿತ್ತ ಬೇ. ಬರ್ಲೇನು?"

ಮಾಲೀಕರು ಮಾತು ನಿಲ್ಲಿಸಿದರು. ರೇಣುಕಾ ತಿರುಗಿ ನೋಡಿದಳು. ಅವಳ ದನಿಯಲ್ಲಿ ಅಂಜಿಕೆಯಿರಲಿಲ್ಲ.

"ಒಂಚೂರು ತಡೀರಿ ಮಾಮಾ. ಮಾಲಕರ ಮಾತು ಮುಗೀಲಿ."

"ಆತವಾ" ಎಂದಿತು ಆ ದನಿ.

ಮಾಲೀಕರು ಮಾತು ಮುಂದುವರಿಸಿದರು. ಸಂಗಪ್ಪ ಸರ್ ಅದನ್ನು ಕೇಳುತ್ತಿರಲಿಲ್ಲ. ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಅದನ್ನು ಒರೆಸುತ್ತಲೇ ಇದ್ದರು.