ಸಂದಿಯ ಮೇಲಿನ ಕೋಣೆ

ಹಾಲ್ಡನ್‌ಶಾ ಊರಿನ ತಗ್ಗಿನಲ್ಲಿ, ಕಾಲುವೆಯ ಮಗ್ಗುಲಿಗೆ ಥೆಲ್ಮಾ ಬಿರ್ಟ್‌ವಿಸಲ್‌ಳ ಮನೆ. ಅವಳ ಗೋಡೆಗೆ ಗೋಡೆ ಹತ್ತಿಕೊಂಡಿದ್ದದ್ದು ನನ್ನದು. ಮೋಡವಿಲ್ಲದ ಸಂಜೆ ಬಂತೆಂದರೆ ಅವಳು ಪಾತ್ರೆ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು, ಕೈಯಲ್ಲಿ ನೊರೆ ಹಾಗೇ ಇರುವಾಗಲೇ ಹಿತ್ತಲಿಗೆ ಬಂದು ಗುಡ್ಡದ ಕಡೆ ನೋಡುತ್ತ ನಿಲ್ಲುವಳು. ಅಲ್ಲಿ ಟೆಂಟರ್ ಬೀದಿಯ ಸಾಲುಮನೆಗಳ ಬೆನ್ನು ಕಾಣುತ್ತದೆ. ಗಿರಣಿಯ ಹೊಗೆ ಕುಡಿದು ಕಪ್ಪಾದ ಕಲ್ಲುಗೋಡೆ. ಇಳಿಬಿಸಿಲು ಆ ಸಾಲಿನ ಎಲ್ಲ ಕಿಟಕಿಗಳಿಗೂ ಬೀಳುತ್ತಿತ್ತು. ಅವಳಿಗೆ ಮಾತ್ರ ಕಾಣುತ್ತಿದ್ದದ್ದು ಒಂದೇ ಕಿಟಕಿ.

"ನೋಡೋ, ಹತ್ತಿಕೊಂಡಿತು," ಅನ್ನುವಳು.

ನಾನೂ ತಲೆಯಾಡಿಸುವೆ. ಬಸ್ಸು ಓಡಿಸಿ ಓಡಿಸಿ ಮಂಜಾದ ನನ್ನ ಕಣ್ಣಿಗೆ ಯಾವ ಕಿಟಕಿಯೆಂದು ಗೊತ್ತಾಗುತ್ತಿರಲಿಲ್ಲ.

ಅದು ಸಂದಿಯ ಮೇಲಿನ ಕೋಣೆಯ ಕಿಟಕಿ. ಟೆಂಟರ್ ಬೀದಿಯಲ್ಲಿ ಎರಡು ಮನೆಗಳ ನಡುವೆ ಹಿತ್ತಲಿಗೆ ಹೋಗಲು ಒಂದು ಸಂದಿ, ಅದಕ್ಕೊಂದು ಕಮಾನು, ಕಮಾನಿನ ಮೇಲೊಂದು ಕೋಣೆ. ಆ ಕೋಣೆ ಈ ಮನೆಗೂ ಒರಗಿದೆ, ಆ ಮನೆಗೂ ಒರಗಿದೆ. ಇಡೀ ಸಾಲು ಗಿರಣಿ ಮಾಲೀಕನದಾಗಿದ್ದ ಕಾಲದಲ್ಲಿ ಅದು ಯಾರ ಪಾಲೆಂದು ಕಾಗದ ತೆಗೆದು ನೋಡಿದವರಿಲ್ಲ. ಯಾರ ಮನೆಯಲ್ಲಿ ಮಕ್ಕಳು ಹೆಚ್ಚೋ ಕೋಣೆ ಆ ಮನೆಯ ಕಡೆಗೆ. ಒಂದು ಕಡೆಯ ಬಾಗಿಲಿಗೆ ಇಟ್ಟಿಗೆ ತುಂಬುವುದು, ಇನ್ನೊಂದು ಕಡೆ ಗೋಡೆ ಒಡೆದು ಬಾಗಿಲು ಕೂರಿಸುವುದು. ಒಂದು ಶನಿವಾರದ ಕೆಲಸ. ಆಮೇಲೆ ಇಬ್ಬರು ಯಜಮಾನರೂ ಕೈಕುಲುಕಿ ಒಂದೊಂದು ಲೋಟ ಬಿಯರ್ ಕುಡಿದರೆ ಅದೇ ಕ್ರಯಪತ್ರ.

ಥೆಲ್ಮಾ ಒಂಬತ್ತನೇ ನಂಬರಿನ ಮನೆಯಲ್ಲಿ ನಾಲ್ಕನೇ ಹೆಣ್ಣಾಗಿ ಹುಟ್ಟಿದಾಗ ಆ ಕೋಣೆ ಸಂದಿಯಾಚೆಯ ಏಳನೇ ನಂಬರಿನಿಂದ ಅವರ ಕಡೆಗೆ ಬಂತು. ನಾಲ್ಕು ಹುಡುಗಿಯರು ಒಂದೇ ಹಾಸಿಗೆಯಲ್ಲಿ, ತಲೆಗಿಬ್ಬರು ಕಾಲಿಗಿಬ್ಬರು. ಕಿಟಕಿ ಪಕ್ಕದ ಜಾಗಕ್ಕೆ ದಿನವೂ ಕಿತ್ತಾಟ. ಅವಳಿಗೆ ಒಂಬತ್ತು ತುಂಬಿದಾಗ ಮಾಲೀಕ ಮನೆಗಳನ್ನು ಒಂದೊಂದಾಗಿ ಮಾರಲು ಹೊರಟ. ಅವಳಪ್ಪನಿಗೆ ಕೊಳ್ಳುವ ಶಕ್ತಿಯಿರಲಿಲ್ಲ. ಮನೆ ಖಾಲಿ ಮಾಡಿ ತಗ್ಗಿಗೆ ಇಳಿದರು. ಶಾಲೆಯ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಬಡಿಸಿ ಬಡಿಸಿ ಥೆಲ್ಮಾ ಮುದುಕಿಯಾದಳು. ಗಂಡ ಹೋದ, ಅಕ್ಕಂದಿರು ಮೂವರೂ ಹೋದರು. ಕಿಟಕಿ ಮಾತ್ರ ಮೇಲೆ ಹಾಗೇ ಉರಿಯುತ್ತಿತ್ತು.

ಹೀಗಿರುವಾಗ ಒಂಬತ್ತನೇ ನಂಬರು ಮಾರಾಟಕ್ಕೆ ಬಂತು. ಅದನ್ನು ಆಗ ಕೊಂಡುಕೊಂಡಿದ್ದ ವಿಲ್ಫ್ ಕ್ಯಾಟರಲ್‌ಗೆ ಈಗ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ತಂಗಿಯ ಊರಿಗೆ, ಸಮುದ್ರದ ಹತ್ತಿರ ಹೋಗುವವನಿದ್ದ. ಥೆಲ್ಮಾ ತನ್ನ ಮನೆ ಮಾರಿ ಅದನ್ನು ಕೊಳ್ಳುತ್ತೇನೆಂದು ಎದ್ದಳು. ಮನೆ ನೋಡಿಬಂದಳು. ಮಾಳಿಗೆಯ ಕೋಣೆಯ ಗೋಡೆಗೆ ಆನೆಯಂಥ ಒಂದು ಬೀರು ನಿಂತಿತ್ತಂತೆ. ಸಂದಿಯ ಮೇಲಿನ ಕೋಣೆಯ ಬಾಗಿಲು ಅದರ ಹಿಂದೆಯೇ ಇದೆ ಅಂದುಕೊಂಡು ಸಂತೋಷವಾಗಿ ಇಳಿದುಬಂದಳು. ಸರಿಸಿ ನೋಡೋಣ ಎಂದು ಇನ್ನೊಬ್ಬರ ಮನೆಯಲ್ಲಿ ಬಾಯಿ ಬಿಡಲು ನಾಚಿಕೆ.

ಇನ್ನು ಉಳಿದದ್ದು ಕ್ರಯದ ಕಾಗದ ಮಾಡಿಸಲು ಒಬ್ಬ ವಕೀಲ. ಮನೆ ಏಜೆಂಟನ ಅಂಗಡಿಯ ಹುಡುಗಿ ಒಂದು ವಕೀಲರ ಕಂಪನಿಯ ಹೆಸರು ಬರೆದುಕೊಟ್ಟಳು. ಎಲ್ಲೋ ದೂರದ ನಗರದ್ದು, ಎಲ್ಲ ಫೋನಿನಲ್ಲೇ ನಡೆಯುವುದು. ಥೆಲ್ಮಾ ನನ್ನ ಮನೆಯಿಂದಲೇ ಫೋನು ಮಾಡಿದಳು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣು ದನಿ ಬಂತು.

"ಸಂದಿ ಮೇಲೊಂದು ಕೋಣೆ ಇದೆ ಕಣಮ್ಮ. ಅದೂ ಮನೆ ಜೊತೆ ಬರುತ್ತಾ?"

"ನಕ್ಷೆಯಲ್ಲಿದ್ರೆ ಬರುತ್ತೆ ಮೇಡಂ. ಇಲ್ನೋಡಿ, ನಕ್ಷೆಯಲ್ಲಿದೆ. ನಿಮ್ದೇ."

ಥೆಲ್ಮಾ ಫೋನಿಟ್ಟು ಮದುವೆ ಗೊತ್ತಾದ ಹುಡುಗಿಯ ಹಾಗೆ ಕೂತಳು.

"ಅಷ್ಟು ಬೇಗ ಹೌದು ಅಂದಳಲ್ಲ," ಅಂದೆ ನಾನು.

"ನಿನಗೇನು ಹೊಟ್ಟೆಯುರಿ?"

"ಊರಲ್ಲೇ ವಕೀಲ ಗ್ರಿಮ್‌ಶಾ ಇದ್ದಾನೆ. ಒಂದು ಮಾತು ಕೇಳೋಣ."

ಅವಳ ಮುಖ ಗಂಟಿಕ್ಕಿತು. ಅವಳಪ್ಪನಿಗೆ ಗಿರಣಿ ಮಾಲೀಕನ ಪರವಾಗಿ ಮನೆ ಬಿಡುವ ನೋಟಿಸ್ ತಂದುಕೊಟ್ಟವನು ಈ ಗ್ರಿಮ್‌ಶಾನ ಅಪ್ಪ. ಆ ಕಚೇರಿಯ ಮುಂದೆ ಹೋಗುವಾಗ ಅವಳು ರಸ್ತೆ ದಾಟಿ ಆಚೆ ಬದಿಗೆ ನಡೆಯುವವಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಹ್ಯಾಟು ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಿದ್ದಳು.

"ಏಳೋ ಮುದುಕಾ. ಆ ಫೋನಿನ ಹುಡುಗಿ ಈವತ್ತು ನನ್ನ ಹೆಸರೇ ಮರೆತಿದ್ಲು. ನಂಬರು ಹೇಳಿ ನಂಬರು ಹೇಳಿ ಅಂತಾಳೆ. ನಾನೇನು ಬಸ್ಸಾ?"

ಗ್ರಿಮ್‌ಶಾನ ಕಚೇರಿ ಕಡುಬಿನ ಅಂಗಡಿಯ ಮಾಳಿಗೆಯಲ್ಲಿದೆ. ಮೆಟ್ಟಿಲ ತುಂಬ ಮಾಂಸದ ಕಡುಬು ಬೇಯುವ ವಾಸನೆ. ಒಣಕಲು ಮೈ, ಬೇಸಿಗೆಯಲ್ಲೂ ನೆಗಡಿ, ಇಷ್ಟೇ ಗ್ರಿಮ್‌ಶಾ. ಥೆಲ್ಮಾ ಕುರ್ಚಿಯಲ್ಲಿ ಕೂರುವ ಮುಂಚೆಯೇ ಶುರು ಮಾಡಿದಳು.

"ನಿಮ್ಮಪ್ಪ ನಮ್ಮಪ್ಪನಿಗೆ ನೋಟಿಸ್ ತಂದುಕೊಟ್ಟೋರು. ಗೊತ್ತೇನು?"

"ಗೊತ್ತು ಮಿಸೆಸ್ ಬಿರ್ಟ್‌ವಿಸಲ್."

"ಯಾರು ಹೇಳಿದ್ದು?"

"ಅಪ್ಪಾನೇ. ಆವತ್ತು ನಿಮ್ಮಮ್ಮ ಅವರನ್ನ ಒಳಗೆ ಕರೆದು ಟೀ ಕೊಟ್ಟರಂತೆ. ಬೈದು ಕಳಿಸಿದ್ರೆ ವಾಸಿಯಿತ್ತು ಅಂತ ಸಾಯೋತನಕ ಅಂತಿದ್ರು."

ಥೆಲ್ಮಾ ಕೂತಳು. ಕೈಚೀಲದ ಹಿಡಿ ತಿರುವಿದಳು.

"ಆ ಕೋಣೆ ನಂದಾಗುತ್ತೋ ಇಲ್ವೋ, ಅಷ್ಟು ಹೇಳಿ."

"ನೋಡದೆ ಹೇಳೋಕಾಗಲ್ಲ."

"ಫೋನಿನ ಹುಡುಗಿ ಒಂದೇ ಉಸಿರಿಗೆ ಹೇಳಿದ್ಲು."

"ಅವಳು ಟೆಂಟರ್ ಬೀದಿ ಹತ್ತಿ ನೋಡಿದ್ದಾಳಾ?"

"ನೀವು ಹತ್ತಿದ್ದೀರಾ?"

"ನಾಳೆ ಹತ್ತೀನಿ," ಎಂದು ಗ್ರಿಮ್‌ಶಾ ಮೂಗೊರೆಸಿಕೊಂಡ.

ಮೆಟ್ಟಿಲಿಳಿಯುವಾಗ ಥೆಲ್ಮಾ ನನ್ನ ತೋಳು ಹಿಡಿದಳು. "ಇವನೇ ಇರಲಿ. ಗೊತ್ತಿಲ್ಲದ್ದಕ್ಕೆ ಹೌದು ಅನ್ನೋಕೆ ಇವನಿಗೆ ಬಾಯಿ ಬರಲ್ಲ," ಅಂದಳು. ಹೇಳಿದ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ಮರುದಿನ ಒಂಬತ್ತನೇ ನಂಬರಿನ ಮಾಳಿಗೆಯಲ್ಲಿ ಗ್ರಿಮ್‌ಶಾ ಕೋಟು ಬಿಚ್ಚಿಟ್ಟು ಬೀರುವಿಗೆ ಹೆಗಲು ಕೊಟ್ಟ. ನಾನೂ ಕೈ ಹಚ್ಚಿದೆ. ಹಿಂದೆ ಬಾಗಿಲಿರಲಿಲ್ಲ. ಹೂವಿನ ಕಾಗದ ಅಂಟಿಸಿದ ಗೋಡೆ. ಅವನು ಬೆರಳಗಂಟಿನಿಂದ ತಟ್ಟಿದ. ಭರ್ತಿ ಇಟ್ಟಿಗೆಯ ಸದ್ದು.

ಕೆಳಗಿನಿಂದ ವಿಲ್ಫ್ ಕೂಗಿದ. "ಏನ್ರೋ ಅದು, ನನ್ನ ಮನೆ ಬೀಳಿಸ್ತಿದ್ದೀರಾ?"

ಗ್ರಿಮ್‌ಶಾ ಇಳಿದುಹೋಗಿ ಕೇಳಿದ್ದಕ್ಕೆ ವಿಲ್ಫ್ ನಕ್ಕುಬಿಟ್ಟ. "ಆ ಕೋಣೆ ನಂದ್ಯಾಕಪ್ಪ ಆಗುತ್ತೆ? ಅದು ಮಕ್ಕಳ ಕೋಣೆ. ನಂಗೂ ನನ್ನ ಹೆಂಡ್ತಿಗೂ ಮಕ್ಕಳಿಲ್ಲ. ಪಕ್ಕದ್ಮನೆಗೆ ಬಂದ ಬಷಾರತ್‌ಗೆ ಏಳು ಮಕ್ಕಳು. ನಾನೂ ಅವನೂ ಗಿರಣೀಲಿ ಒಂದೇ ಪಾಳಿ. ಒಂದು ಶನಿವಾರ ಇಬ್ಬರೂ ಸೇರಿ ಇಟ್ಟಿಗೆ ಹಾಕಿದ್ವಿ. ಅವನು ಬಿಯರ್ ಮುಟ್ಟೋನಲ್ಲ, ಟೀ ಕುಡಿದ. ಕೈ ಕುಲುಕಿದ್ವಿ. ಮತ್ತಿನ್ನೇನು ಬೇಕಿತ್ತು?"

"ಒಂದು ಕಾಗದ ಬೇಕಿತ್ತು," ಅಂದ ಗ್ರಿಮ್‌ಶಾ.

ಹೊರಗೆ ಬಂದು ಮೂವರೂ ಸಂದಿಯ ಕಮಾನಿನ ಕೆಳಗೆ ನಿಂತೆವು. ಮೇಲಿನಿಂದ ಧಡಧಡ ಓಡಾಡುವ ಸಪ್ಪಳ. ಥೆಲ್ಮಾ ಕತ್ತೆತ್ತಿ ಕಮಾನು ನೋಡುತ್ತಿದ್ದಳು.

"ಕಾಗದದ ಲೆಕ್ಕದಲ್ಲಿ ಅದು ಒಂಬತ್ತರದ್ದು. ಇಟ್ಟಿಗೆ ಲೆಕ್ಕದಲ್ಲಿ ಏಳರದ್ದು," ಅಂದ ಗ್ರಿಮ್‌ಶಾ. "ಇದನ್ನ ಇತ್ಯರ್ಥ ಮಾಡದೆ ನಿಮ್ಮ ಕೈಲಿ ರುಜು ಹಾಕಿಸಲ್ಲ."

"ಕೇಳಿದ್ರೆ ಗೆಲ್ತೀವಾ?"

"ಗೆಲ್ಲಬಹುದು. ಸೋಲಲೂಬಹುದು, ಅವರು ಬಹಳ ವರ್ಷದಿಂದ ಅನುಭೋಗದಲ್ಲಿದ್ದಾರೆ, ಅದ್ರಿಂದ್ಲೇ ಹಕ್ಕು ಬರುತ್ತೆ. ಆದ್ರೆ ಅವರಿಗೆ ಅದು ಗೊತ್ತಿರಲಿಕ್ಕಿಲ್ಲ. ವಕೀಲರ ಕಾಗದ ಬಂದ್ರೆ ಹೆದರಿ ಬಿಟ್ಟುಕೊಡಲೂಬಹುದು."

"ಹಾಗಾದ್ರೆ ಬರೀರಿ."

"ಬರೀತೀನಿ. ನಾನು ನಿಮ್ಮ ವಕೀಲ." ಗ್ರಿಮ್‌ಶಾ ಕೋಟಿನ ಗುಂಡಿ ಹಾಕಿಕೊಂಡ. "ಆದ್ರೆ ನಮ್ಮ ಕಚೇರೀಲಿ ಇಂಥ ಕಾಗದ ಅಂಚೆಗೆ ಹಾಕಲ್ಲ. ಅಪ್ಪ ಮಾಡಿಟ್ಟ ಕ್ರಮ. ನಾನೇ ಹೋಗಿ ಬಾಗಿಲು ತಟ್ಟಿ ಕೈಗೆ ಕೊಡಬೇಕು."

ಅವನು ಇಳಿಜಾರು ಇಳಿದುಹೋಗುವತನಕ ಥೆಲ್ಮಾ ಅಲ್ಲೇ ನಿಂತಿದ್ದಳು. ಆಮೇಲೆ ನೇರ ಹೋಗಿ ಏಳನೇ ನಂಬರಿನ ಬಾಗಿಲು ತಾನೇ ತಟ್ಟಿದಳು.

ತೆಗೆದವಳು ಬಷಾರತ್‌ನ ಸೊಸೆ ತಸ್ನೀಮ್. ಕೈಯೆಲ್ಲ ಹಿಟ್ಟು. ಥೆಲ್ಮಾಳನ್ನು ಕಂಡದ್ದೇ ಮುಖ ಅರಳಿತು. "ಅಯ್ಯೋ, ಸ್ಕೂಲಿನ ಊಟದ ಆಂಟಿ! ನಂಗೆ ದಿನಾ ಎರಡು ಸಲ ಕಸ್ಟರ್ಡ್ ಹಾಕ್ತಿದ್ರಿ. ಬನ್ನಿ ಒಳಗೆ, ಅಂಕಲ್ ನೀವೂ ಬನ್ನಿ. ವಿಲ್ಫ್ ಅಂಕಲ್ ಮನೆ ನೀವೇ ತಗೋತೀರಂತೆ? ಬೇರೆ ಯಾರೋ ಬಂದು ಬಾಡಿಗೆಗೆ ಬಿಟ್ರೆ ಅಂತ ಹೆದರಿದ್ವಿ."

ಟೀ ಬಂತು. ಏಲಕ್ಕಿ ಹಾಕಿ ಹಾಲಿನಲ್ಲೇ ಕುದಿಸಿದ್ದು. ಥೆಲ್ಮಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತಳು, ಕುಡಿಯಲಿಲ್ಲ.

"ಸಕ್ಕರೆ ಜಾಸ್ತಿಯಾಯ್ತಾ ಆಂಟಿ?"

"ಇಲ್ಲ ಚಿನ್ನ. ನಮ್ಮಮ್ಮ ಒಬ್ಬರಿಗೆ ಟೀ ಕೊಟ್ಟಿದ್ಲು, ಅದು ನೆನಪಾಯ್ತು."

ಅಷ್ಟರಲ್ಲಿ ಮಾಳಿಗೆಯಿಂದ ಕೂಗು, ಏನೋ ಬಿದ್ದ ಸದ್ದು. ತಸ್ನೀಮ್ ಹಣೆ ಚಚ್ಚಿಕೊಂಡಳು. "ಮೂರು ಹೆಣ್ಣು ಆಂಟಿ. ಕಿಟಕಿ ಪಕ್ಕದ ಜಾಗಕ್ಕೆ ಜಗಳ. ಬಂದು ನೋಡಿ ಬೇಕಾದ್ರೆ, ಆ ಕಿಟಕೀಲಿ ಕಾಲುವೆ ಪೂರ್ತಿ ಕಾಣುತ್ತೆ. ನೋಡ್ತೀರಾ?"

ಐವತ್ತೆಂಟು ವರ್ಷ ಕೆಳಗೆ ನಿಂತು ನೋಡಿದವಳಿಗೆ ಹದಿಮೂರು ಮೆಟ್ಟಿಲು. ಥೆಲ್ಮಾ ಅರ್ಧ ಎದ್ದಳು. ಮತ್ತೆ ಕೂತಳು.

"ಬೇಡ ಕಣೇ. ನೋಡಿದ್ರೆ ಬೇಕು ಅನ್ಸುತ್ತೆ," ಅಂದು ಟೀ ಕುಡಿದಳು.

ಅಲ್ಲಿಂದ ಕಡುಬಿನ ಅಂಗಡಿಯ ಮಾಳಿಗೆಗೆ ಹೋದೆವು. ಗ್ರಿಮ್‌ಶಾನ ಮುಂದೆ ಖಾಲಿ ಹಾಳೆಯಿತ್ತು. ಅವನು ಇನ್ನೂ ಬರೆದಿರಲಿಲ್ಲ.

"ಬರೀಬೇಡಿ," ಅಂದಳು ಥೆಲ್ಮಾ. "ಆ ಕೋಣೆ ಏಳನೇ ನಂಬರಿಗೇ ಸೇರಿದ್ದು ಅಂತ ವಿಲ್ಫ್ ಕೈಲಿ ಗಟ್ಟಿಯಾಗಿ ಬರೆಸಿಕೊಡಿ. ನಾನು ಸತ್ತ ಮೇಲೆ ಬರೋನು ಆ ಮಕ್ಕಳನ್ನ ಎಬ್ಬಿಸಬಾರದು. ಮಿಕ್ಕ ಮನೆ ನಂಗಿರಲಿ."

"ಯೋಚನೆ ಮಾಡಿದ್ದೀರಾ? ಒಂದು ಸಲ ಬರೆದ್ರೆ ಮುಗೀತು. ನೀವು ಬಂದದ್ದೇ ಆ ಕೋಣೆಗಾಗಿ."

"ಗೊತ್ತು. ಆಮೇಲೆ ನನ್ನ ಮನಸ್ಸು ಬದಲಾದ್ರೂ ಆಗದ ಹಾಗೆ ಬರೀರಿ."

"ಅವರ ಕಡೆಗೆ ಅವರೇ ಒಬ್ಬ ವಕೀಲರನ್ನ ಇಟ್ಕೋಬೇಕು. ಇಬ್ಬರಿಗೂ ನಾನೇ ಆಗೋ ಹಾಗಿಲ್ಲ."

"ಊರಿನವನನ್ನೇ ಇಟ್ಕೊಳ್ಳಿ ಅಂತ ನಾನೇ ಹೇಳ್ತೀನಿ. ಫೋನಿನವಳು ಬೇಡ."

ಗ್ರಿಮ್‌ಶಾ ಮೂಗೊರೆಸಿಕೊಂಡ. ಈ ಸಲ ಕಣ್ಣನ್ನೂ ಒರೆಸಿಕೊಂಡ. ನೆಗಡಿಯೇ ಇರಬೇಕು.

ಕಾಗದಗಳೆಲ್ಲ ಮುಗಿದು ಕೀಲಿಕೈ ಬರುವಷ್ಟರಲ್ಲಿ ಎಲೆ ಉದುರುವ ಕಾಲ ಬಂತು. ಸಾಮಾನು ಸಾಗಿಸಿದ ದಿನ ಮಂಚವನ್ನು ಎಲ್ಲಿಡಲಿ ಎಂದು ಕೇಳಿದೆ. ಬೀರು ನಿಂತಿದ್ದ ಕಡೆ, ಇಟ್ಟಿಗೆ ತುಂಬಿದ ಬಾಗಿಲಿಗೆ ತಲೆದೆಸೆ ತಾಗುವ ಹಾಗೆ ಇಡಿಸಿದಳು.

ಮೊನ್ನೆ ಭಾನುವಾರ ನೋಡಲು ಹೋಗಿದ್ದೆ. ಗುಡ್ಡ ಹತ್ತಿ ನನ್ನ ಉಸಿರು ಬಾಯಿಗೆ ಬಂದಿತ್ತು. ಮಾಳಿಗೆಯಲ್ಲಿ ಮಂಚದ ಮೇಲೆ ಕೂತು ಟೀ ಕುಡಿದೆವು. ಇಳಿಬಿಸಿಲು ಅವಳ ಕಿಟಕಿಗೂ ಬಂದಿತ್ತು. ಅಲ್ಲಿಂದ ಕಾಲುವೆ ಅರ್ಧ ಕಾಣುತ್ತದೆ, ಇನ್ನರ್ಧಕ್ಕೆ ಮುಂದೆ ಚಾಚಿದ ಆ ಕೋಣೆಯ ಗೋಡೆ ಅಡ್ಡ. ಗೋಡೆಯ ಆಚೆ ಹುಡುಗಿಯರು ಕಿತ್ತಾಡುತ್ತಿದ್ದರು.

"ದೊಡ್ಡವಳು ಮೋಸ ಮಾಡ್ತಾಳೆ. ಈವತ್ತು ಕಿಟಕಿ ನಡುವಿನವಳ ಸರದಿ," ಅಂದಳು ಥೆಲ್ಮಾ.

"ಹೋಗಿ ಒಂದು ಸಲ ನೋಡಿ ಬರಬಾರದಾ? ತಸ್ನೀಮ್ ಕರೀತಾನೇ ಇದ್ದಾಳೆ."

ಅವಳು ಅಂಗೈಯನ್ನು ಗೋಡೆಗೆ ಒತ್ತಿ ಇಟ್ಟುಕೊಂಡಳು. ಆ ಕಡೆಯ ಜಗಳ ನಿಲ್ಲುವವರೆಗೂ ತೆಗೆಯಲಿಲ್ಲ.

"ಮುಂಚೆ ಆ ಕೋಣೆ ಒಂದು ಊರಿನಷ್ಟು ದೂರ ಇತ್ತು," ಅಂದಳು. "ಈಗ ಒಂದು ಇಟ್ಟಿಗೆ ದೂರ. ಇರಲಿ ಬಿಡೋ."