ಖಾಲಿ ಬಾರದ ಸೀಸೆಗಳು

ನಿನ್ನೆ ಸಂಜೆ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ನಮ್ಮ ಸ್ಟೀಲ್ ಡಬ್ಬಿಯನ್ನು ವಾಪಸು ತಂದುಕೊಟ್ಟಳು. ಅದರ ತುಂಬ ನಾನು ಗಸಗಸೆ ಪಾಯಸ ಕಳಿಸಿದ್ದೆ. ಡಬ್ಬಿಯನ್ನು ಫಳಫಳ ಅನ್ನುವ ಹಾಗೆ ಉಜ್ಜಿ, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮುಚ್ಚಳ ತೆಗೆದರೆ ಒಳಗೆ ಏನೂ ಇಲ್ಲ. ಒಂದು ಚಮಚ ಸಕ್ಕರೆ ಇಲ್ಲ, ಒಂದು ನಿಂಬೆಹಣ್ಣಿಲ್ಲ, ಹೋಗಲಿ ಅಂದರೆ ನಾಲ್ಕು ಎಸಳು ಕರಿಬೇವೂ ಇಲ್ಲ. ನನ್ನ ಮುಖವನ್ನೇ ನಾನು ಆ ಡಬ್ಬಿಯ ತಳದಲ್ಲಿ ನೋಡಿಕೊಂಡೆ.

ಸಿಟ್ಟನ್ನು ನುಂಗಿಕೊಂಡು "ಪಾಯಸ ಹೇಗಿತ್ತಮ್ಮ?" ಅಂದೆ.

"ಸಿಹಿ ಸ್ವಲ್ಪ ಜಾಸ್ತಿ ಆಯ್ತು ಆಂಟಿ. ಅರ್ಧ ತಿಂದ್ವಿ, ಅರ್ಧ ಚೆಲ್ಲಿಬಿಟ್ವಿ" ಅಂದಳು, ಬಹಳ ಮರ್ಯಾದೆಯಿಂದ.

ಅಷ್ಟರಲ್ಲಿ ನಮ್ಮ ಯಜಮಾನರು ಒಳಗಿನಿಂದ ಓಡಿಬಂದರು. ರಿಟೈರಾದ ಮೇಲೆ ಅವರು ಅಷ್ಟು ಜೋರಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. "ಸರಿಯಾಗಿ ಅರ್ಧವಾ? ಅಂದಾಜಿನ ಮೇಲೆ ಹೇಳ್ತಿದೀಯಾ, ಅಳೆದು ಹೇಳ್ತಿದೀಯಾ?" ಅಂತ ಆ ಹುಡುಗಿಯನ್ನು ಕೇಳಿದರು. ಅವಳು ಹೆದರಿ ಹಿಂದೆ ಸರಿದಳು. ಇವರು ನನ್ನ ಕೈಯಿಂದ ಖಾಲಿ ಡಬ್ಬಿ ಕಿತ್ತುಕೊಂಡು ಒಳಗೆ ಕೈ ಆಡಿಸಿ, "ಪೂರಾ ಖಾಲಿ ಕಣೇ. ಇಂಥ ಒಬ್ಬಳು ಆಗ ಸಿಕ್ಕಿದ್ದಿದ್ರೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳಲ್ಲ.

ನಿಮಗೆ ಇದು ಅರ್ಥವಾಗಬೇಕಾದರೆ ನಮ್ಮ ಯಜಮಾನರ ಉದ್ಯೋಗದ ವಿಷಯ ಹೇಳಬೇಕು. ಹೇಳಿದ ಮೇಲೂ ಅರ್ಥವಾಗುತ್ತದೆ ಅನ್ನುವ ಭರವಸೆ ನನಗಿಲ್ಲ.

ಅವರು ನಾಗಮಂಗಲದ ಕಡೆ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರಾಗಿದ್ದರು. ಹೊಗೆಸೊಪ್ಪು ಮುಂತಾದ ಚಟಗಳು ಮನುಷ್ಯನ ನಾಲಗೆಯನ್ನು ಏನು ಮಾಡುತ್ತವೆ, ನಾಲಗೆ ಮನುಷ್ಯನನ್ನು ಏನು ಮಾಡುತ್ತದೆ ಅನ್ನುವುದು ಅವರ ಜೀವಮಾನದ ಸಂಶೋಧನೆ. ಸುತ್ತಿನ ಊರುಗಳಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾಲ್ಗೆ ಮೇಷ್ಟ್ರು ಅಂದರೆ ಮನೆ ತೋರಿಸುತ್ತಿದ್ದರು. ನಾನು ಶ್ರೀರಂಗಪಟ್ಟಣದವಳು. ಸಂಬಂಧ ತಂದ ನಮ್ಮ ದೊಡ್ಡಪ್ಪ "ಉಡುಗ ಮಾದಕ ವಸ್ತು ಮ್ಯಾಲೆ ಓದ್ತಾವ್ನೆ. ತಾನು ಮುಟ್ಟಾಕಿಲ್ಲ, ತಿನ್ನೋರ ನಾಲ್ಗೆ ನೋಡ್ತಾನೆ" ಅಂದಾಗ, ನಮ್ಮಪ್ಪ "ತಾನೇ ತಿನ್ನೋನಾಗಿದ್ರೆ ವಾಸಿಯಾಗಿತ್ತು" ಅಂದಿದ್ದರು.

ಮದುವೆಯಾಗಿ ಪಾಂಡವಪುರದ ಈ ಮನೆಗೆ ಬಂದರೆ ಹಿತ್ತಲ ಕೋಣೆಯಲ್ಲಿ ಇಲಿಗಳು. ತಾವಾಗಿ ಬಂದವಲ್ಲ, ಸಾಕಿದ ಇಲಿಗಳು. ರಜೆಯಲ್ಲಿ ಕಾಲೇಜಿಗೆ ಬೀಗ ಹಾಕುತ್ತಾರೆ, ಪಾಪ ಅವು ಎಲ್ಲಿಗೆ ಹೋಗಬೇಕು ಅಂತ ಇವರು ಬಸ್ಸಿನಲ್ಲಿ, ಪಂಜರಕ್ಕೆ ಟವೆಲ್ ಹೊದಿಸಿ ತಂದಿದ್ದರು. ಅವುಗಳಿಗೆ ಬೆಲ್ಲದ ನೀರು ಕುಡಿಸುವುದು, ಆಮೇಲೆ ಹೊಟ್ಟೆ ತೊಳಸುವ ಔಷಧಿ ಕೊಡುವುದು. ಅವತ್ತಿನಿಂದ ಆ ಇಲಿ ಬೆಲ್ಲದ ನೀರನ್ನು ತಿರುಗಿಯೂ ನೋಡುವುದಿಲ್ಲವಂತೆ. "ಒಂದೇ ಸಲ ಸಾಕು ಕಣೇ. ನಾಲಗೆ ಸಾಯೋತನಕ ಮರೆಯಲ್ಲ" ಅಂತ ಇವರು ಮಧುಚಂದ್ರದ ದಿನಗಳಲ್ಲಿ ನನಗೆ ವಿವರಿಸಿದರು. ಬೇರೆ ಗಂಡಸರು ಆ ದಿನಗಳಲ್ಲಿ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ.

ಹಿತ್ತಲ ಕೋಣೆಯ ಇಲಿಗಳಿಗೆ ರಾಗಿ ಹಾಕುವುದು ನಾನೇ, ಅಡುಗೆಮನೆಯ ಇಲಿಗಳಿಗೆ ಬೋನು ಇಡುವುದೂ ನಾನೇ. ಒಂದು ದಿನ ಬೋನಿಗೆ ಒಂದು ಬಿತ್ತು. ಅದು ಯಾವ ಪಕ್ಷದ ಇಲಿ ಅನ್ನುವುದು ಪ್ರಶ್ನೆಯಾಯಿತು. ಇವರು ಒಂದು ಬಟ್ಟಲಲ್ಲಿ ಬೆಲ್ಲದ ನೀರು ತಂದು ಅದರ ಮುಂದಿಟ್ಟರು. ಇಲಿ ಮೂಸಿ, ಮುಖ ತಿರುಗಿಸಿತು. "ನಮ್ಮದೇ" ಅಂದರು ಇವರು, ಕಳೆದುಹೋದ ಕರು ಸಿಕ್ಕಿದವರ ಹಾಗೆ.

ಇಲಿಗಳೊಂದಿಗೆ ನಿಂತಿದ್ದರೆ ಅವರು ದೊಡ್ಡ ವಿಜ್ಞಾನಿ ಆಗುತ್ತಿದ್ದರೋ ಏನೋ. ಮನುಷ್ಯರ ಕಡೆ ತಿರುಗಿದ್ದೇ ಎಡವಟ್ಟಾಯಿತು. ಹೊಗೆಸೊಪ್ಪು ಹಾಕುವವರಿಗೆ ಕಹಿ ಗೊತ್ತಾಗುವುದು ಕಡಿಮೆ, ಆದ್ದರಿಂದ ಅವರು ಕಹಿ ನೀರನ್ನು ಹೆಚ್ಚು ಕುಡಿಯುತ್ತಾರೆ ಅನ್ನುವುದು ಇವರ ತರ್ಕ. ಅದನ್ನು ಸಾಧಿಸುವುದಕ್ಕೆ ಬೇವಿನ ಸೊಪ್ಪು ಕುದಿಸಿದ ನೀರನ್ನು ಸೀಸೆಗಳಿಗೆ ತುಂಬಿ ಮನೆಮನೆಗೆ ಕೊಡುವುದು, ಮಾರನೇ ದಿನ ಹೋಗಿ ಸೀಸೆ ವಾಪಸು ತಂದು ಎಷ್ಟು ಉಳಿದಿದೆ ಅಂತ ತೂಗುವುದು. ಸ್ಕೂಟರಿನ ಹಿಂದೆ ಸೀಸೆಗಳ ಕ್ರೇಟನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ನಾನು. ಚಿನಕುರಳಿಯ ರಸ್ತೆಯಲ್ಲಿ ಕಲ್ಲಿನ ಲಾರಿಗಳ ನಡುವೆ ಆ ಸೀಸೆಗಳು ಕಿಣಿಕಿಣಿ ಅನ್ನುತ್ತಿದ್ದರೆ ಜನ ನಮ್ಮನ್ನು ಸೋಡಾ ಮಾರುವವರು ಅಂದುಕೊಂಡು ಕೈ ಅಡ್ಡ ಹಾಕುತ್ತಿದ್ದರು.

ಮಾರನೇ ದಿನ ಚಿನಕುರಳಿಯ ಮೊದಲ ಮನೆಯಲ್ಲಿ ಸೀಸೆ ಕೇಳಿದೆವು. ಕೊಟ್ಟರು. ಕಂಠಪೂರ್ತಿ ತುಂಬಿತ್ತು. ಒಂದು ಗುಟುಕೂ ಕುಡಿದಿಲ್ಲವಲ್ಲ ಅಂತ ಇವರು ಪೆಚ್ಚಾದರು. ನಾನು ಬಿರಡೆ ತೆಗೆದು ಮೂಸಿದೆ. ಮಜ್ಜಿಗೆ. ಎರಡನೇ ಮನೆಯ ಸೀಸೆಯಲ್ಲಿ ಹುರುಳಿಕಾಳು. ಮೂರನೆಯದರಲ್ಲಿ ಹರಳೆಣ್ಣೆ. ಬೂಕನಕೆರೆಯಲ್ಲಿ ಒಬ್ಬ ಪುಣ್ಯಾತ್ಗಿತ್ತಿ ಆ ಸಣ್ಣ ಬಾಯಿಯ ಸೀಸೆಯೊಳಗೆ ಹುಚ್ಚೆಳ್ಳು ಚಟ್ನಿಪುಡಿಯನ್ನು ಹೇಗೆ ಇಳಿಸಿದ್ದಳೋ, ತೆಗೆಯುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಕೆ.ಆರ್. ಪೇಟೆಯ ಹತ್ತಿರದ ಒಂದು ಮನೆಯವರು ತುಪ್ಪವನ್ನೇ ತುಂಬಿಸಿಟ್ಟಿದ್ದರು.

"ಖಾಲಿ ಸೀಸೇನೇ ಕೊಡಿ ಅಂತ ಎಷ್ಟು ಸಲ ಹೇಳ್ಲಿ?" ಅಂತ ಇವರು ಬೇಡಿಕೊಂಡರು.

ತುಪ್ಪದ ಮನೆಯ ಯಜಮಾನ ಮುಖ ಗಂಟಿಕ್ಕಿದ. "ಬಂದ ಪಾತ್ರೆಯ ಬರಿದಾಗಿ ಕಳ್ಸಾಕೆ ನಾವೇನು ಗತಿಗೆಟ್ಟೋರಾ ಸಾ? ತಕ್ಕೊಂಡೋಗಿ."

"ಸರಿ, ಆ ಕಹಿ ನೀರು ಹೇಗಿತ್ತು?"

"ಚೆನ್ನಾಗಿತ್ತು ಸಾ."

"ಕಹಿ ಇರಲಿಲ್ವಾ?"

"ಇಸ ಇದ್ದಂಗಿತ್ತು. ಆದ್ರೂ ನೀವು ಅಷ್ಟು ದೂರದಿಂದ ನಮ್ಗೋಸ್ಕರ ತಂದ್ರಲ್ಲ, ಚೆನ್ನಾಗಿಲ್ಲ ಅಂತ ಎಂಗೇಳಾದು?"

ಅವತ್ತು ರಾತ್ರಿ ಊಟಕ್ಕೆ ಮುಂಚೆ ಇವರು ಲೆಕ್ಕ ಹಾಕಿ ಕೂತರು. ತೂಕದ ಪ್ರಕಾರ ಬೂಕನಕೆರೆಯವರು ಕಹಿ ನೀರನ್ನು ಕುಡಿದೇ ಇರಲಿಲ್ಲ, ತಮ್ಮ ಮೈಯಿಂದಲೇ ಒಂದಿಷ್ಟು ಉತ್ಪತ್ತಿ ಮಾಡಿದ್ದರು. ನಾನು ಆ ತುಪ್ಪ ಬಡಿಸಿದೆ. ಅಂಥ ತುಪ್ಪ ನಾನು ಮತ್ತೆ ತಿಂದಿಲ್ಲ.

ಇಷ್ಟಾದ ಮೇಲೆ ಅವರಿಗೆ ನಂಬಿಕೆಯ ನಾಲಗೆ ಅಂತ ಉಳಿದದ್ದು ನನ್ನದೊಂದೇ. ನನ್ನ ಬಾಯಿ ಸ್ವಲ್ಪ ಹರಿತ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿದೆ ಅಂತ ನಾನು ತೌರಿನಲ್ಲೂ ಹೇಳಿದವಳಲ್ಲ, ಇಲ್ಲೂ ಹೇಳಿದವಳಲ್ಲ. ಆದ್ದರಿಂದ ಕಾಫಿ ಕುಡಿಯುತ್ತಿದ್ದರೂ ಬಂದು ಚಮಚ ಚಾಚುತ್ತಿದ್ದರು. ನಾನು "ಥೂ" ಅಂದರೆ ಸಂತೋಷದಿಂದ ಬರೆದುಕೊಳ್ಳುತ್ತಿದ್ದರು.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದು ಒಂದಿತ್ತು. ನಮ್ಮತ್ತೆ ಹೊಗೆಸೊಪ್ಪು ಹಾಕುತ್ತಿದ್ದರು. ಅವರು ಚಿನಕುರಳಿಯ ಹೆಣ್ಣುಮಗಳು, ನಾನು ಬಂದಾಗಿನಿಂದ ನಮ್ಮ ಜೊತೆಯಲ್ಲೇ ಇದ್ದಾರೆ. ಸೊಂಟದಲ್ಲಿ ಒಂದು ಹಿತ್ತಾಳೆ ಡಬ್ಬಿ, ಅದರಲ್ಲಿ ಹೊಗೆಸೊಪ್ಪು, ಮುಚ್ಚಳದ ಒಳಗೆ ಸುಣ್ಣ. ಮಗ ಪ್ರಪಂಚದ ನಾಲಗೆಯನ್ನೆಲ್ಲ ನೋಡಿಕೊಂಡು ಬಂದರೂ ಅವರ ಬಾಯಿ ನೋಡಿರಲಿಲ್ಲ. ಹಲ್ಲುನೋವು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ತೋರಿಸಿದರು. ಇನ್ನೂ ಕೆಟ್ಟದ್ದಾಗಿಲ್ಲ, ಆದರೆ ಹೊಗೆಸೊಪ್ಪು ಬಿಡದಿದ್ದರೆ ಆಗುತ್ತದೆ ಅಂದರು. ಬಸ್ಸಿನಲ್ಲಿ ವಾಪಸು ಬರುವಾಗಲೇ ಅತ್ತೆ ಕಿಟಕಿಯ ಪಕ್ಕ ಕೂತು ಡಬ್ಬಿ ತೆಗೆದರು.

ಬಿಡು ಅಂದರೆ ಅವರು ಬಿಡಲಿಲ್ಲ. ಅತ್ತರೂ ಬಿಡಲಿಲ್ಲ. ಕೊನೆಗೆ ಇವರು ಇಲಿಯ ವಿದ್ಯೆಯನ್ನು ಹೆತ್ತ ತಾಯಿಯ ಮೇಲೆ ಪ್ರಯೋಗಿಸಿದರು. ಬೇವಿನ ಕಷಾಯವನ್ನು ಗಟ್ಟಿಯಾಗಿ ಬತ್ತಿಸಿ, "ಅವ್ವ, ಒಗೆಸೊಪ್ಪು ಆಕ್ಕಂಡಾಗೆಲ್ಲ ಇದ್ನೂ ಒಂದ್ ಗುಟ್ಕು ಕುಡಿ" ಅಂದರು. ಹೊಟ್ಟೆ ತೊಳಸಿ, ಎರಡರ ಮೇಲೂ ಒಟ್ಟಿಗೆ ಅಸಹ್ಯ ಹುಟ್ಟಬೇಕು ಅನ್ನುವುದು ಲೆಕ್ಕ. ಅತ್ತೆ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

"ಎಂಗದವ್ವ?" ಅಂದರು ಇವರು. ಅವ್ವನ ಮುಂದೆ ಅವರ ಕಾಲೇಜು ಭಾಷೆ ಜಾರಿಹೋಗುತ್ತದೆ.

"ಚೆನ್ನಾಗದೆ ಕಣ್ಲಾ ಮಗ. ಇನ್ನೊಸಿ ಇದ್ರೆ ಕೊಡು."

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ. "ಯಾಕತ್ತೆ ಹೀಗೆ ಹಟ ಮಾಡ್ತೀರಿ? ನೀವು ಹೋಗ್ಬಿಟ್ರೆ ಅವರ ಗತಿ ಏನು, ನನ್ನ ಗತಿ ಏನು?" ಅಂದೆ. ದನಿ ಎತ್ತರಿಸಿಯೇ ಕೇಳಿದೆ.

ಅತ್ತೆ ನನ್ನನ್ನು ತಿಳಿವಳಿಕೆ ಇಲ್ಲದವಳನ್ನು ನೋಡುವ ಹಾಗೆ ನೋಡಿದರು. ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಅಲ್ಲ ಕಣಮ್ಮಿ, ನಿನ್ ಗಂಡ ಸಂಬ್ಳ ತಗಳಾದು ಯಾತುಕ್ಕೆ? ಒಗೆಸೊಪ್ಪು ಆಕೋರ ನಾಲ್ಗೆ ನೋಡಾಕೆ. ಎತ್ತವ್ವನೇ ಬುಟ್ಬುಟ್ರೆ ಊರೋರು ಯಾಕೆ ಚಟ ಮಡಿಕತಾರೆ? ಎಲ್ಲಾ ಬುಟ್ಮೇಲೆ ಇವ್ನು ಯಾರ ನಾಲ್ಗೆ ನೋಡಾದು? ಕೆಲ್ಸ ಓಯ್ತದೆ."

ಆ ಮುದುಕಿ ಚಟಕ್ಕಾಗಿ ಅಲ್ಲ, ಮಗನ ಉದ್ಯೋಗ ಕಾಯುವುದಕ್ಕೆ ಬಾಯಲ್ಲಿ ಆ ಮಚ್ಚೆ ಸಾಕಿಕೊಳ್ಳುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಎದ್ದುಹೋಗಿ ಹಿತ್ತಲಲ್ಲಿ ಎರಡನ್ನೂ ಮುಗಿಸಿಕೊಂಡು ಬಂದೆ.

ಸಂಜೆ ಇವರಿಗೆ ಹೇಳಿದೆ. ಇವರು ಗೋಡೆಗೆ ಒರಗಿ ಕೂತುಬಿಟ್ಟರು. ಅಷ್ಟು ವರ್ಷ ನಡವಳಿಕೆಯ ಶಾಸ್ತ್ರ ಓದಿದ ಮನುಷ್ಯ, ಅವ್ವನನ್ನು ಒಂದು ಸಲವೂ ಯಾಕೆ ಅಂತ ಕೇಳಿರಲಿಲ್ಲ. ಮಾರನೇ ಬೆಳಿಗ್ಗೆ ಅವರು ತಾಯಿಯ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಕೆಂಪಗಾಗಿತ್ತು.

"ಅವ್ವ, ಕಾಲೇಜ್ನಲ್ಲಿ ಈಗ ಬದಲಾಯಿಸ್ಬುಟ್ಟವ್ರೆ. ಆಕೋರ ನಾಲ್ಗೆ ಬೇಡವಂತೆ. ಬುಟ್ಟೋರ ನಾಲ್ಗೆ ನೋಡ್ಬೇಕಂತೆ. ಈ ಸುತ್ತಲ್ಲಿ ಬುಟ್ಟೋರು ಒಬ್ರೂ ಸಿಕ್ತಾ ಇಲ್ಲ. ಸಿಗ್ದೇ ಇದ್ರೆ ನನ್ ಕೆಲ್ಸ ಕಷ್ಟ ಕಣವ್ವ."

ಅತ್ತೆ ಮಗನ ಮುಖವನ್ನೇ ನೋಡಿದರು. "ಮೊದ್ಲೇ ಏಳ್ಬಾರ್ದೇನ್ಲಾ" ಅಂದರು. ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದರು. ಅಷ್ಟೇ. ಆಮೇಲಿನ ದಿನಗಳು ನರಕ. ಸಾರಿಗೆ ಉಪ್ಪಿಲ್ಲ ಅಂತ ಬೈದರು, ಉಪ್ಪಿದೆ ಅಂತ ಬೈದರು, ಬೀದಿಯಲ್ಲಿ ಹೋಗುವ ಟ್ರಾಕ್ಟರನ್ನೂ ಬೈದರು. ಆದರೆ ಮತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ. ಪ್ರತಿದಿನ ಮಗನ ಮುಂದೆ ನಾಲಗೆ ಚಾಚಿ, "ನೋಡ್ಕಳ್ಳಾ, ಬರ್ಕಳ್ಳಾ" ಅನ್ನುತ್ತಿದ್ದರು. ಇವರು ನೋಡಿ ಬರೆದುಕೊಳ್ಳುತ್ತಿದ್ದರು. ಮಳೆಗಾಲ ಮುಗಿದು ಮತ್ತೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಮಚ್ಚೆ ಹೋಗಿದೆ ಅಂದರು.

ಆ ದಿನ ಅತ್ತೆ ಸೊಂಟದ ಹಿತ್ತಾಳೆ ಡಬ್ಬಿಯನ್ನು ಮಗನ ಕೈಗೆ ಕೊಟ್ಟರು. ಖಾಲಿ ಕೊಡುತ್ತಾರೆಯೇ? ಚಿನಕುರಳಿಯ ಆಲೆಮನೆಯಿಂದ ತರಿಸಿದ ಬೆಲ್ಲದ ಚೂರು ತುಂಬಿಸಿದ್ದರು. ಡಬ್ಬಿಯನ್ನು ಎಷ್ಟು ತಿಕ್ಕಿದ್ದರೂ ಅಷ್ಟು ವರ್ಷದ ಹೊಗೆಸೊಪ್ಪಿನ ಘಾಟು ಹೋಗುತ್ತದೆಯೇ? ಇವರು ಒಂದು ಚೂರು ಬಾಯಿಗೆ ಹಾಕಿಕೊಂಡರು. ಹಣೆ ಬೆವರಿತು. "ಎಂಗದ್ಲಾ?" ಅಂದರು ಅತ್ತೆ. "ಚೆನ್ನಾಗದೆ ಕಣವ್ವ" ಅಂದು, ನಿಧಾನವಾಗಿ ಎದ್ದು, ಹಿತ್ತಲ ನುಗ್ಗೆಮರದ ಬುಡಕ್ಕೆ ಹೋಗಿ ಎಲ್ಲವನ್ನೂ ಕಕ್ಕಿದರು. ಅವತ್ತಿನಿಂದ ಅವರಿಗೆ ಬೆಲ್ಲ ಸೇರುವುದಿಲ್ಲ. ಕಬ್ಬಿನ ಗದ್ದೆಗಳ ನಡುವೆ ಇದ್ದುಕೊಂಡು ನಾನು ಪಾಯಸಕ್ಕೂ ಹೋಳಿಗೆಗೂ ಸಕ್ಕರೆಯನ್ನೇ ಹಾಕುತ್ತೇನೆ. ಅವರ ಇಡೀ ಉದ್ಯೋಗದಲ್ಲಿ ಮನುಷ್ಯನ ಮೇಲೆ ಪೂರ್ತಿ ಫಲಿಸಿದ ಪ್ರಯೋಗ ಅದೊಂದೇ.

ಡಬ್ಬಿ ಮಾತ್ರ ನಿಲ್ಲಲಿಲ್ಲ. ಇವರು ಅದಕ್ಕೆ ಒಣದ್ರಾಕ್ಷಿ ತುಂಬಿ ಅವ್ವನಿಗೆ ಕೊಡುತ್ತಾರೆ, ಅವ್ವ ಬೆಲ್ಲ ತುಂಬಿ ವಾಪಸು ಕೊಡುತ್ತಾರೆ. ಒಂದೇ ಮನೆಯ ಎರಡು ಕೋಣೆಗಳ ನಡುವೆ ಇಷ್ಟು ವರ್ಷದಿಂದ ಓಡಾಡುತ್ತಿದೆ. ಪ್ರತಿಸಲವೂ ಇವರು ಅವ್ವನ ಎದುರಿಗೆ ಒಂದು ಚೂರು ತಿಂದು, ಚೆನ್ನಾಗದೆ ಅಂದು, ನುಗ್ಗೆಮರದ ಕಡೆಗೆ ನಡೆಯುತ್ತಾರೆ.

ಇವತ್ತು ಬೆಳಿಗ್ಗೆಯೂ ನನ್ನ ಸಿಟ್ಟು ಇಳಿದಿರಲಿಲ್ಲ. ಅತ್ತೆಯ ಮಂಚದ ಪಕ್ಕ ಕೂತು ಪಕ್ಕದ ಮನೆ ಹುಡುಗಿಯನ್ನು ಬೈದೆ. ಅದೇ ಭರದಲ್ಲಿ, "ನೀವೂ ಅಷ್ಟೇ ಅತ್ತೆ, ನಿಮ್ಮ ಮಗನಿಗೆ ಬೆಲ್ಲ ಸೇರಲ್ಲ, ಸುಮ್ಮನೆ ಕೊಡ್ತೀರಿ" ಅಂದುಬಿಟ್ಟೆ. ಅಂದಮೇಲೆ ನಾಲಗೆ ಕಚ್ಚಿಕೊಂಡೆ.

ಅತ್ತೆ ಬೊಚ್ಚುಬಾಯಲ್ಲಿ ನಕ್ಕರು. "ಗೊತ್ತು ಕಣಮ್ಮಿ. ನುಗ್ಗೆಮರ ನನ್ ಕಿಟ್ಕಿಗೆ ಕಾಣ್ತದಲ್ಲ. ಒಗೆಸೊಪ್ಪು ಬುಟ್ಟೋರ್ನ ನೋಡಾಕೆ ಸಂಬ್ಳ ಕೊಡಾಕಿಲ್ಲ ಅಂತ್ಲೂ ಆವತ್ತೇ ಗೊತ್ತಾಯ್ತು. ಅವ್ನ ಕಿವಿ ಕೆಂಪಾಗಿತ್ತು. ಅಷ್ಟು ಕಷ್ಟಪಟ್ಟು ಒಂದು ಸುಳ್ಳ ಕಟ್ಕೊಂಡು ಬಂದವ್ನೆ, ಬರಿಗೈಲಿ ಎಂಗೆ ಕಳ್ಸಾದು?"

"ಮತ್ತೆ ಬೆಲ್ಲ ಯಾಕೆ ಕೊಡ್ತೀರಿ?"

"ಅವ್ನು ಚೆನ್ನಾಗದೆ ಅಂತಾನಲ್ಲ, ಅದ ಕೇಳಾಕೆ. ನೀನೂ ಒಂಚೂರು ಬಾಯ್ಗಾಕೊ" ಅಂದು ತಲೆದಿಂಬಿನ ಕೆಳಗಿಂದ ಹಿತ್ತಾಳೆ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು.

ಇಷ್ಟು ವರ್ಷದಲ್ಲಿ ನಾನು ಅದನ್ನು ಮುಟ್ಟಿರಲಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹೊಗೆಸೊಪ್ಪಿನ ಘಾಟು ಈಗಲೂ ಮೂಗಿಗೆ ಏರಿತು. ಬಾಗಿಲಲ್ಲಿ ಇವರು ಆಗಷ್ಟೇ ಬಂದು ನಿಂತಿದ್ದರು. ಮನೆಯ ಏಕೈಕ ಸತ್ಯವಾದ ನಾಲಗೆ ಏನು ಹೇಳುತ್ತದೋ ಅಂತ ನನ್ನ ಮುಖವನ್ನೇ ನೋಡುತ್ತಿದ್ದರು, ಜೇಬಿನ ಪೆನ್ನಿನ ಮೇಲೆ ಕೈಯಿಟ್ಟುಕೊಂಡು.

"ಎಂಗದಮ್ಮಿ?" ಅಂದರು ಅತ್ತೆ.

ನಾನು ನುಂಗಿದೆ. "ಚೆನ್ನಾಗದೆ ಅತ್ತೆ" ಅಂದೆ.